ಕರೆಂಟಿನದಲ್ಲದ ಶಾಕ್

ಲಿಂಗಸುಗೂರು
12 ಜೂನ್ 1991

ಕಲ್ಯಾಣಮ್ಮನವರಿಗೆ,

ಪತ್ರ ಬರೆದರೆ ಅಡ್ಡಿಯಿಲ್ಲವೇ ಎಂದು ನಿಶ್ಚಯದ ದಿನ ನಿಮ್ಮ ತಂದೆ ಅಮರಗುಂಡಪ್ಪನವರನ್ನು ಕೇಳಿದ್ದೆ. "ಬರೀರಿ, ಅದಕ್ಕೇನು, ಅಂಗಡಿ ವಿಳಾಸಕ್ಕ ಹಾಕ್ರಿ" ಎಂದರು. ಆದ್ದರಿಂದ ಈ ಪತ್ರ ಗೊಬ್ಬರದ ಅಂಗಡಿಗೇ ಬರುತ್ತಿದೆ.

ಅಂದು ನೀವು "ಚಹಾ ತಗೋರಿ" ಎಂದಿರಿ, ನಾನು "ಹೂಂ" ಎಂದೆ. ಅಷ್ಟರಲ್ಲೇ ಮಾತು ಮುಗಿಯಿತು. ನನ್ನ ಬಗ್ಗೆ ಹೇಳಲು ಹೆಚ್ಚಿಲ್ಲ. ಇಲ್ಲಿಯ ಕರೆಂಟ್ ಆಫೀಸಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಖೋಲಿ ಹಿಡಿದಿದ್ದೇನೆ. ರವಿವಾರ ಮಸ್ಕಿಗೆ, ನಮ್ಮ ಮನೆಗೆ ಹೋಗುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅವ್ವ ಮತ್ತು ಅಕ್ಕ ಬಸಲಿಂಗಮ್ಮ ಇಬ್ಬರೇ. ಅಕ್ಕ ಗಂಡನ ಮನೆಯಲ್ಲಿ ಹೊಂದಿಕೆಯಾಗದೆ ಬಂದವಳು ಎಂಬುದು ನಿಮಗೆ ಗೊತ್ತಿರಬಹುದು. ಊರ ಅರ್ಧ ಹೆಂಗಸರ ಬಟ್ಟೆ ಅವಳ ಮಷಿನ್ನಿನ ಮೇಲೇ ಹೊಲಿಯುವುದು. ನಿಮ್ಮ ಮದುವೆಯ ಜಂಪರುಗಳನ್ನು ತಾನೇ ಹೊಲಿಯಬೇಕೆಂದು ಹಟ ಹಿಡಿದಿದ್ದಾಳೆ. ಒಂದು ಅಳತೆ ಜಂಪರ್ ಕಳಿಸಬೇಕಂತೆ.

ಮದುವೆ ಶ್ರಾವಣದಲ್ಲಿ. ಅಲ್ಲಿಯವರೆಗೆ ಎರಡು ಮೂರು ಪತ್ರಗಳಾದರೂ ಆದರೆ ಒಳ್ಳೆಯದೆಂದು ನನ್ನ ಅನಿಸಿಕೆ.

ಇತಿ,
ಆದೆಪ್ಪ


ಸಿಂಧನೂರು
20 ಜೂನ್ 1991

ಆದೆಪ್ಪನವರಿಗೆ,

ನಿಮ್ಮ ಪತ್ರವನ್ನು ಅಪ್ಪ ಒಡೆಯದೆ ನನ್ನ ಕೈಗೆ ಕೊಟ್ಟರು. ಓದುವಾಗ ಮಾತ್ರ ಎದುರಿಗೇ ಕೂತು ನನ್ನ ಮುಖ ನೋಡುತ್ತಿದ್ದರು. "ಏನ್ ಬರದಾರವ್ವ?" ಎಂದರು. "ಜಂಪರ್ ಕೇಳ್ಯಾರಪ್ಪ" ಎಂದೆ.

ಜಂಪರನ್ನು ಬಂದೇಸಾಬರ ಕೈಲಿ ಕಳಿಸುತ್ತಿದ್ದೇನೆ. ಸಂತೆಯಿಂದ ಸಂತೆಗೆ ಚಾದರ ಮಾರುತ್ತಾ ಹೋಗುವವರು. ಮಸ್ಕಿಯ ನಿಮ್ಮ ಮನೆ ಅವರಿಗೆ ಗೊತ್ತಂತೆ. ಸಿಂಧನೂರಿನ ಸುದ್ದಿ ಮಸ್ಕಿಗೆ ಅಂಚೆಗಿಂತ ಮೊದಲು ಅವರೊಂದಿಗೇ ಹೋಗುತ್ತದೆ.

ಮದುವೆಯಾದ ಮೇಲೆ ನಿಮ್ಮ ಹೆಸರನ್ನು ಬಾಯಿಂದ ಹೇಳುವಂತಿಲ್ಲ. ಲಕೋಟೆಯ ಮೇಲೆ ಬರೆಯಬಹುದೇ ಎಂದು ಅವ್ವನನ್ನು ಕೇಳಿದೆ, ಅವಳಿಗೂ ಗೊತ್ತಿಲ್ಲ. ಸದ್ಯ ಬರೆದಿದ್ದೇನೆ.

ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೇನೆ. ವಾಚನಾಲಯದಿಂದ ಅನುವಾದದ ಕಾದಂಬರಿಗಳನ್ನು ತಂದು ಓದುತ್ತೇನೆ. ಅವುಗಳಲ್ಲಿ ದೂರದೇಶದ ಜನ ಕೆಟ್ಟ ಸುದ್ದಿ ಕೇಳಿದೊಡನೆ "ಆಘಾತದಿಂದ" ಸೋಫಾದ ಮೇಲೆ ಕುಸಿಯುತ್ತಾರೆ. ನಾನು ಕುಸಿಯುವುದಾದರೆ ಯೂರಿಯಾ ಚೀಲದ ಮೇಲೆಯೇ ಕುಸಿಯಬೇಕು. ನಿಮ್ಮ ಕೆಲಸದಲ್ಲಿ ಶಾಕ್ ಹೊಡೆಯುವ ಭಯವಿಲ್ಲವೇ? ಇನ್ನೊಂದು: ನಿಮ್ಮ ಮನೆಯಲ್ಲಿ ದಿನವೂ ರೊಟ್ಟಿಯೇ? ನಾವು ಕಾಲುವೆ ನೀರಿನ ಮಂದಿ, ಅನ್ನದವರು. ನನ್ನ ರೊಟ್ಟಿ ದುಂಡಗಾಗುವುದಿಲ್ಲ. ಇದನ್ನು ಮೊದಲೇ ತಿಳಿಸುವುದು ಸರಿಯೆನಿಸಿತು.

ಕಲ್ಯಾಣಮ್ಮ


ಲಿಂಗಸುಗೂರು
29 ಜೂನ್ 1991

ಕಲ್ಯಾಣಮ್ಮ,

"ನವರಿಗೆ" ಎಂಬುದನ್ನು ಬಿಟ್ಟಿದ್ದೇನೆ. ತಪ್ಪೆನಿಸಿದರೆ ತಿಳಿಸಿ, ಮತ್ತೆ ಹಚ್ಚುತ್ತೇನೆ.

ಅಕ್ಕ ನಿಮ್ಮ ಜಂಪರನ್ನು ತಿರುವಿ ನೋಡಿ, "ಸಿಂಧನೂರ ಟೇಲರಗ ಕಂಕುಳು ಹೊಲಿಯಾಕ ಬರಂಗಿಲ್ಲ" ಎಂದಳು. ಅವಳು ನಗುವುದು ಅಪರೂಪ, ಅಂದು ನಕ್ಕಳು. ರೊಟ್ಟಿಯ ವಿಷಯವನ್ನು ಅವ್ವನಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಶಾಕ್ ಬಗ್ಗೆ ಕೇಳಿದ್ದೀರಿ. ಹೊಡೆಯುತ್ತದೆ. ಹೊಡೆದಾಗ ಅಂಗೈ ತಾನಾಗಿ ಮುಚ್ಚಿಕೊಂಡು ತಂತಿಯನ್ನೇ ಹಿಡಿದುಬಿಡುತ್ತದೆ. ಬಿಡಬೇಕೆಂದರೂ ಬಿಡಲಾಗುವುದಿಲ್ಲ. ಆದ್ದರಿಂದ ಹಳೆಯ ಲೈನ್‌ಮನ್‌ಗಳು ಗೊತ್ತಿಲ್ಲದ ತಂತಿಯನ್ನು ಕೈಯ ಹಿಂಬದಿಯಿಂದ ಸೋಕಿಸಿ ನೋಡುತ್ತಾರೆ. ಕರೆಂಟ್ ಇದ್ದರೆ ಕೈ ದೂರ ಹಾರುತ್ತದೆ, ಹಿಡಿಯುವುದಿಲ್ಲ. ಇದು ಪುಸ್ತಕದ ನಿಯಮವಲ್ಲ, ನಾನು ಮಾಡಗೊಡುವುದೂ ಇಲ್ಲ. ಆದರೂ ನಮ್ಮ ಲೈನ್‌ಮನ್ ಯಂಕೋಬ ಮಾಡುತ್ತಾನೆ. ನಾನು ಈ ಪತ್ರ ಬರೆಯುವುದನ್ನು ನೋಡಿ, "ಸಾಹೇಬ್ರ, ಹೊಸಾ ಹೇಂತಿಗೂ ಹಂಗ ನೋಡ್ರಿ, ಮೊದಲ ಹಿಂಗೈಲೆ ಮುಟ್ಟಬೇಕು" ಎಂದು ಹೇಳಿ ಕಂಬ ಹತ್ತಿದ. ಕೆಳಗಿದ್ದಿದ್ದರೆ ಬೈಸಿಕೊಳ್ಳುತ್ತಿದ್ದ.

ಒಂದು ವಿನಂತಿ. ಮಸ್ಕಿಗೆ ಬಂದಾಗ ಈ ಶಾಕಿನ ಮಾತು ಎತ್ತಬೇಡಿ. ನಮ್ಮ ಮನೆಯಲ್ಲಿ ಆ ಪದ ಆಡುವುದಿಲ್ಲ. ನಾನೂ ಅಲ್ಲಿ "ಕರೆಂಟ್ ಹೊಡೀತು" ಎನ್ನುತ್ತೇನೆ. ಅವ್ವನಿಗೆ ಹೆದರಿಕೆ.

ಆದೆಪ್ಪ


ಸಿಂಧನೂರು
24 ಜುಲೈ 1991

ಆದೆಪ್ಪನವರಿಗೆ,

ಉತ್ತರ ತಡವಾಯಿತು. ಆರಾಮಿರಲಿಲ್ಲ. ಮೂರು ದಿನ ದವಾಖಾನೆಯಲ್ಲಿದ್ದೆ. ಶಾಕ್ ಆಗಿತ್ತೆಂದು ಡಾಕ್ಟರು ಹೇಳಿದರು. ಈಗ ಗುಣವಾಗಿದ್ದೇನೆ, ಕಾಳಜಿ ಬೇಡ. ಕೈ ಇನ್ನೂ ನಡುಗುತ್ತಿರುವುದರಿಂದ ಅಕ್ಷರ ಹೀಗಿವೆ.

"ನವರಿಗೆ" ಬಿಟ್ಟದ್ದು ತಪ್ಪೆನಿಸಲಿಲ್ಲ. ನಿಮ್ಮ ಅವ್ವನಿಗೆ ನಿಮ್ಮ ಕೆಲಸದ ಬಗ್ಗೆ ಅಷ್ಟು ಹೆದರಿಕೆಯಿದ್ದರೆ, ನಾನೂ ಆ ಪದ ಆಡುವುದಿಲ್ಲ.

ಕಲ್ಯಾಣಮ್ಮ


ಲಿಂಗಸುಗೂರು
28 ಜುಲೈ 1991

ಕಲ್ಯಾಣಮ್ಮ,

ನಿಮ್ಮ ಪತ್ರ ಓದಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಯಾವ ಜಾಗದಲ್ಲಿ ಹೊಡೆಯಿತು? ಬಟ್ಟೆ ಒಣಹಾಕುವ ತಂತಿಯೇ, ಸ್ವಿಚ್ಚೇ, ನೀರು ಕಾಯಿಸುವ ಕಾಯಿಲ್ಲೇ? ಕಾಯಿಲ್ ಆಗಿದ್ದರೆ ಇಂದೇ ಎತ್ತಿ ಹೊರಗೆ ಹಾಕಿ. ನಿಮ್ಮ ಮನೆಗೆ ಅರ್ಥಿಂಗ್ ಇದೆಯೇ? ಬಚ್ಚಲ ಹತ್ತಿರ ಒಂದು ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಕಬ್ಬಿಣದ ಪೈಪು ಹೂತಿರುತ್ತಾರೆ. ಬೇಸಿಗೆಯಲ್ಲಿ ಅದಕ್ಕೆ ನೀರು ಬಿಡಬೇಕು. ಬಿಡುತ್ತೀರಾ? ಹಸಿ ಕಾಲಲ್ಲಿ ಸ್ವಿಚ್ ಮುಟ್ಟಬೇಡಿ. ರಬ್ಬರ್ ಚಪ್ಪಲಿ ಇಲ್ಲದೆ ಬಚ್ಚಲಿಗೆ ಹೋಗಬೇಡಿ.

ಯಂಕೋಬನನ್ನು ಮುಂದಿನ ವಾರ ಕಳಿಸುತ್ತೇನೆ. ಇಡೀ ಮನೆಯ ವೈರಿಂಗ್ ನೋಡಿ ಬರಲಿ. ನಿಮ್ಮ ತಂದೆಯವರಿಗೆ ಮೊದಲೇ ಹೇಳಿಡಿ. ಬಾಯಿ ಸ್ವಲ್ಪ ಸಡಿಲ, ಕೆಲಸ ಗಟ್ಟಿ.

ಆದೆಪ್ಪ


ಸಿಂಧನೂರು
2 ಆಗಸ್ಟ್ 1991

ಆದೆಪ್ಪನವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿ ಎರಡು ಸಲವೂ ನಕ್ಕೆ. ಕಾಯಿಲೆಯಾದ ಮೂರು ವಾರದ ಮೇಲೆ ಅದೇ ಮೊದಲ ನಗು. ಯಂಕೋಬನನ್ನು ಕಳಿಸಬೇಡಿ, ನಮ್ಮ ಬಚ್ಚಲ ಒಲೆ ಕಟ್ಟಿಗೆಯದು.

ನನಗಾದದ್ದು ಕರೆಂಟಿನದಲ್ಲ, ಬೇರೆ ಶಾಕ್. ಅದು ಏನೆಂದು ಬರೆಯಲು ನಾಚಿಕೆಯಾಗುತ್ತದೆ. ಮದುವೆಯಾದ ಮೇಲೆ ಎಂದಾದರೂ ಬಾಯಿಂದ ಹೇಳುತ್ತೇನೆ. ಮೊದಲ ದಿನ ಏನೇನೋ ಬಡಬಡಿಸಿದೆನಂತೆ, ಅವ್ವನನ್ನೇ ಗುರುತಿಸಲಿಲ್ಲವಂತೆ. ನನಗೆ ಒಂದೂ ನೆನಪಿಲ್ಲ.

ಅಪ್ಪನ ತಲೆ ಈಗ ಬೇರೆ ಕಡೆ ಇದೆ. ಗೊಬ್ಬರದ ದರ ಒಮ್ಮೆಗೇ ಏರಿದೆಯಲ್ಲ. ಕೊಳ್ಳಲು ಬಂದವರು ದರ ಕೇಳಿ ಅಪ್ಪನನ್ನೇ ಬೈದು ಹೋಗುತ್ತಾರೆ. ಪೇಪರಿನಲ್ಲಿ "ರೈತರಿಗೆ ಗೊಬ್ಬರದ ಶಾಕ್" ಎಂದು ದೊಡ್ಡ ಅಕ್ಷರದಲ್ಲಿ ಬಂದಿತ್ತು. ಅಪ್ಪ ಅದನ್ನು ಓದಿ, "ಮಾರಾಂವಗ ಆಗೋದು ಯಾರೂ ಬರಿಯಂಗಿಲ್ಲ" ಎಂದರು. ಒಂದೇ ತಿಂಗಳಲ್ಲಿ ನಮ್ಮ ಮನೆಗೆ ಎರಡು ಶಾಕ್.

ಕಲ್ಯಾಣಮ್ಮ


ಲಿಂಗಸುಗೂರು
14 ಆಗಸ್ಟ್ 1991

ಕಲ್ಯಾಣಮ್ಮನವರಿಗೆ,

ತಮ್ಮ ಪತ್ರ ತಲುಪಿತು. ಅವ್ವನಿಗೆ ಮೊಣಕಾಲು ನೋವು ಹೆಚ್ಚಾಗಿರುವುದರಿಂದ ಶ್ರಾವಣದಲ್ಲಿ ಮದುವೆಯ ಓಡಾಟ ಕಷ್ಟವೆಂದು ಹೇಳುತ್ತಿದ್ದಾಳೆ. ದೀಪಾವಳಿಯ ನಂತರ ನೋಡೋಣವೆಂದು ಅವಳ ಅಭಿಪ್ರಾಯ. ನಿಮ್ಮ ತಂದೆಯವರಿಗೆ ಹಿರಿಯರ ಮೂಲಕ ತಿಳಿಸುತ್ತೇವೆ.

ತಮ್ಮ ಆರೋಗ್ಯ ನೋಡಿಕೊಳ್ಳಿ. ಓದು, ಚಿಂತೆ ಕಡಿಮೆ ಮಾಡಿ.

ಆದೆಪ್ಪ


ಸಿಂಧನೂರು
20 ಆಗಸ್ಟ್ 1991

ಆದೆಪ್ಪನವರಿಗೆ,

"ನವರಿಗೆ" ಮರಳಿ ಬಂದಿದೆ. ಮೊಣಕಾಲಿನ ಮಾತನ್ನು ನಾನು ನಂಬಲಿಲ್ಲ. ಮೊನ್ನೆ ಬಂದೇಸಾಬರು ನಿಮ್ಮ ಅವ್ವನನ್ನು ಮಸ್ಕಿಯ ಸಂತೆಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ನಡೆಯುವುದನ್ನು ನೋಡಿದ್ದಾರೆ.

ಅಪ್ಪನೂ ನಂಬಿಲ್ಲ. ಅವರಿಗೆ ಇದೆಲ್ಲ ಗೊಬ್ಬರದ ದರದಿಂದಾದದ್ದು ಎಂದೇ ತೋರಿದೆ. "ಅಮರಗುಂಡಪ್ಪ ಮುಳುಗಿದ ಅಂತ ಮಸ್ಕಿಯವರಿಗೆ ಯಾರೋ ಹೇಳ್ಯಾರ. ಮುಳುಗೋ ಮನಿಯಿಂದ ಹೆಣ್ಣು ಯಾಕ ಅಂತ ಹಿಂದ ಸರದಾರ" ಎನ್ನುತ್ತಾರೆ. ನಿಮಗೆ ತೋರಿಸುವುದಕ್ಕೆಂದೇ ನಿನ್ನೆ ಒಂದು ಲಾರಿ ಮಾಲು ಹೆಚ್ಚಿಗೆ ಇಳಿಸಿಕೊಂಡಿದ್ದಾರೆ. ಅದನ್ನು ನೀವು ನೋಡುವುದಿಲ್ಲ ಎಂಬುದು ಅವರಿಗೆ ಹೊಳೆದಿಲ್ಲ. ನಮ್ಮ ಅಂಗಡಿ ಮುಳುಗಿಲ್ಲ.

ಕಾರಣ ಬೇರೆಯಾಗಿದ್ದರೆ ಬರೆಯಿರಿ. ಬರೆಯುವ ಮನಸ್ಸಿಲ್ಲದಿದ್ದರೆ ನನ್ನ ಅಳತೆ ಜಂಪರನ್ನು ಬಂದೇಸಾಬರ ಕೈಲಿ ಹಿಂದಕ್ಕೆ ಕಳಿಸಿ. ಅದು ಬಂದರೆ ನನಗೆ ಅರ್ಥವಾಗುತ್ತದೆ, ಮತ್ತೆ ಪತ್ರ ಬೇಕಾಗುವುದಿಲ್ಲ.

ಕಲ್ಯಾಣಮ್ಮ


ಸಿಂಧನೂರು
2 ಸೆಪ್ಟೆಂಬರ್ 1991

ಆದೆಪ್ಪನವರಿಗೆ,

ನಿಮ್ಮಿಂದ ಪತ್ರವಿಲ್ಲ. ಬಂದೇಸಾಬರು ಇಂದು ಬೆಳಿಗ್ಗೆ ಬಂದಿದ್ದರು, ಜಂಪರ್ ಇಲ್ಲದೆ. "ಬಸಲಿಂಗಮ್ಮಕ್ಕ ಕೊಡಲಿಲ್ಲವ್ವ. 'ನಂದಿನ್ನೂ ಹೊಲಿಯೋದು ಐತಿ, ನೀ ಚಾದರ ಮಾರ ಹೋಗು' ಅಂದ್ಲು" ಎಂದರು. ಹಾಗೆ ಹೇಳಿಯೂ ಅವರು ಏಳಲಿಲ್ಲ. ಚಾದರದ ಗಂಟನ್ನು ಒಮ್ಮೆ ಕಟ್ಟಿದರು, ಬಿಚ್ಚಿದರು. ಕೊನೆಗೆ, "ಮಸ್ಕ್ಯಾಗ ನಿನ್ನ ಬಗ್ಗೆ ಬ್ಯಾರೇನ ಮಾತು ನಡದೈತವ್ವ. ನಿನಗ ತಲಿಗಿ ಶಾಕ್ ಕೊಟ್ಟಾರಂತ, ಧಾರವಾಡದ ಹುಚ್ಚರ ದವಾಖಾನ್ಯಾಗ ಕೊಡತಾರಲ್ಲ, ಹಂಗ. ಖರೇ ಏನು?" ಎಂದರು.

ಮೊದಲು ಸಿಟ್ಟು ಬಂತು. ಆಮೇಲೆ ನಿಮ್ಮ ಕೊನೆಯ ಪತ್ರದ "ಓದು, ಚಿಂತೆ ಕಡಿಮೆ ಮಾಡಿ" ಎಂಬ ಸಾಲು ಅರ್ಥವಾಯಿತು.

ಈಗ ನಾಚಿಕೆಯನ್ನು ಪಕ್ಕಕ್ಕಿಟ್ಟು ಬರೆಯುತ್ತೇನೆ. ನನಗೆ ಆದದ್ದು ವಾಂತಿ ಭೇದಿ. ಕಾಲುವೆಗೆ ಹೊಸ ನೀರು ಬಿಟ್ಟ ವಾರ ನಮ್ಮ ಓಣಿಯಲ್ಲಿ ಹಲವರಿಗೆ ಆಯಿತು. ಮದುವೆಯಾಗುವ ಗಂಡಸಿಗೆ ಭೇದಿಯ ವಿಷಯ ಹೇಗೆ ಬರೆಯಲಿ? ಅದಕ್ಕೇ ಬರೆಯಲಿಲ್ಲ. ಮೈಯ ನೀರೆಲ್ಲ ಹೋಗಿ ಕೈಕಾಲು ತಣ್ಣಗಾಗಿ ನಾಡಿ ಸಿಗದಂತಾಗಿತ್ತು. ಸಲಾಯಿನ್ ಹಚ್ಚಲು ನರ್ಸ್ ಮೀರಾಬಿ ಅವರಿಗೆ ನರ ಸಿಕ್ಕದ್ದೇ ದೊಡ್ಡ ಕೆಲಸವಾಯಿತಂತೆ. ಹಾಗೆ ರಕ್ತದ ಓಟ ಕುಸಿಯುವುದಕ್ಕೆ ಡಾಕ್ಟರುಗಳು ಶಾಕ್ ಎನ್ನುತ್ತಾರೆ ಎಂದು ಅವರೇ ನನಗೆ ಹೇಳಿದ್ದು. ಬಡಬಡಿಸಿದ್ದೂ ಅದರಿಂದಲೇ.

ನನಗೆ ಶಾಕ್ ಕೊಟ್ಟಿಲ್ಲ, ಆಗಿತ್ತು. ಈ ಎರಡು ಕ್ರಿಯಾಪದಗಳ ನಡುವೆ ನನ್ನ ಮದುವೆ ಸಿಕ್ಕಿಕೊಂಡಿದೆ.

ಇದನ್ನು ಓದಿದ ಮೇಲೆ ನಿಮ್ಮ ಅವ್ವನ ಮೊಣಕಾಲು ವಾಸಿಯಾಗಬಹುದು. ಆದರೆ ಒಂದು ವಿಷಯ ಮಾತ್ರ ನನಗೆ ಇನ್ನೆಂದೂ ತಿಳಿಯುವುದಿಲ್ಲ. ನಿಜವಾಗಿಯೂ ಕೊಟ್ಟಿದ್ದರೆ ನೀವು ಏನು ಮಾಡುತ್ತಿದ್ದಿರಿ? ಈಗ ನೀವು ಬಂದರೆ, ಭೇದಿಯಾಗಿ ಗುಣವಾದವಳನ್ನು ಮದುವೆಯಾಗಲು ಬಂದಿರಿ, ಅಷ್ಟೆ.

ಕಲ್ಯಾಣಮ್ಮ


ಲಿಂಗಸುಗೂರು
2 ಸೆಪ್ಟೆಂಬರ್ 1991

ಕಲ್ಯಾಣಮ್ಮ,

ನಿಮ್ಮ ಆಗಸ್ಟ್ 20ರ ಪತ್ರ ನನ್ನ ಜೇಬಿನಲ್ಲಿ ಇದ್ದು ಇದ್ದು ಮಡಿಕೆಯಲ್ಲಿ ಹರಿದಿದೆ. ಕಾರಣ ಕೇಳಿದ್ದೀರಿ. ಗೊಬ್ಬರವಲ್ಲ. ನಿಮ್ಮ ತಂದೆಯವರಿಗೆ ಹೇಳಿ, ಆ ಲಾರಿ ಮಾಲು ಹಿಂದಕ್ಕೆ ಕಳಿಸಲು ಆಗುವುದಾದರೆ ಕಳಿಸಲಿ.

ನನ್ನ ಅಕ್ಕ ಗಂಡನ ಮನೆಯಲ್ಲಿ ಹೊಂದಿಕೆಯಾಗದೆ ಬಂದವಳೆಂದು ಬರೆದಿದ್ದೆ. ಅದು ನಾವು ಊರಿಗೆ ಹೇಳುವ ಮಾತು. ಏಳು ವರ್ಷದ ಹಿಂದೆ ಅವಳ ಕೂಸು ಹುಟ್ಟಿ ಹತ್ತು ದಿನಕ್ಕೆ ಹೋಯಿತು. ಆಮೇಲೆ ಮಾತು ಬಿಟ್ಟಳು, ಊಟ ಬಿಟ್ಟಳು. ಗೋಡೆಗೆ ಮುಖ ಮಾಡಿ ಕೂತರೆ ಸಂಜೆಯಾದರೂ ಏಳುತ್ತಿರಲಿಲ್ಲ. ಧಾರವಾಡಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಶಾಕ್ ಕೊಟ್ಟರು. ಗುಣವಾದಳು. ಸಂಪೂರ್ಣ ಗುಣವಾದಳು, ಇದನ್ನು ಅಡಿಗೆರೆ ಎಳೆದು ಬರೆಯುತ್ತಿದ್ದೇನೆ. ಆದರೆ ಅವಳ ಮಾವ ನಮ್ಮ ಕಟ್ಟೆಯ ಮೇಲೆ ಕೂತು, "ಶಾಕ್ ಕೊಟ್ಟ ಹೆಣ್ಣು ನಮಗ ಬ್ಯಾಡ್ರಿ" ಎಂದು ಹೇಳಿ ಎದ್ದು ಹೋದ. ಅಂದಿನಿಂದ ಆ ಪದ ನಮ್ಮ ಮನೆಯಲ್ಲಿಲ್ಲ. ಅವ್ವನಿಗೆ ನನ್ನ ಕೆಲಸದ ಹೆದರಿಕೆಯೆಂದು ನೀವು ತಿಳಿದಿರಿ. ನೀವು ಹಾಗೇ ತಿಳಿದಿರಲಿ ಎಂದು ನಾನೂ ಬಿಟ್ಟೆ.

ನಿಮಗೆ ಶಾಕ್ ಆಯಿತೆಂದು ಬಂದೇಸಾಬ ಅವ್ವನಿಗೆ ಹೇಳಿದ. ಅವ್ವ ನನ್ನನ್ನು ಕೇಳಿದಳು. "ಕರೆಂಟಿನದಲ್ಲಂತ, ಬ್ಯಾರೇದಂತ, ಹೇಳಾಕ ನಾಚಿಕಿ ಅಂತ" ಎಂದು ನಿಮ್ಮ ಪತ್ರದಲ್ಲಿ ಇದ್ದಂತೆಯೇ ಹೇಳಿದೆ. ಅವ್ವ ತಲೆಯ ಮೇಲೆ ಕೈ ಹೊತ್ತು ಕೂತಳು. "ಕರೆಂಟಿಂದಲ್ಲಾಂದ್ರ ಮತ್ತ ಯಾವುದಪಾ? ತಲಿಗಿ ಕೊಟ್ಟಿದ್ದ ಇರಬೇಕು" ಎಂದಳು. ನಿಮಗೆ ಏನೂ ನೆನಪಿಲ್ಲ ಎಂದು ಬರೆದಿದ್ದಿರಲ್ಲ, ಅಕ್ಕನಿಗೂ ಹಾಗೇ ಆಗಿತ್ತು. ಅದರಿಂದ ನನಗೂ ಸಂಶಯ ಉಳಿಯಲಿಲ್ಲ. ಮೊಣಕಾಲಿನ ಪತ್ರ ಬರೆದೆ.

ನಿನ್ನೆ ರವಿವಾರ ಮಸ್ಕಿಯಲ್ಲಿ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: "ಶಾಕ್ ಕೊಟ್ಟ ಹೆಣ್ಣನ್ನ ಹೆಂಗ ತರೋದಪಾ ಮನಿಗೆ." ಅಕ್ಕ ಪಡಸಾಲೆಯಲ್ಲಿ ಹೊಲಿಯುತ್ತಿದ್ದಳು. ಮಷಿನ್ ನಿಂತಿತು.

"ಅವ್ವ, ಈ ಮಾತು ನಾ ಮೊದಲ ಕೇಳೀನಿ" ಎಂದಳು ಅಕ್ಕ. "ಆಗ ಅಂದಾಂವ ಕಟ್ಟಿ ಮ್ಯಾಲ ಕುಂತಿದ್ದ. ನೀ ಒಳಗ ನಿಂತು ಅನ್ನಾಕತ್ತಿ."

"ನಿನಗಲ್ಲಬೇ ಅಂದದ್ದು."

"ನನಗ ಕೊಟ್ಟಾರಲ್ಲ. ಹಂಗಾದ್ರ ನಾನೂ ಹೋಗ್ಲೇನು? ಮಷಿನ್ ಹೊತಗೊಂಡ ಹೋಗತೀನಿ."

ಅವ್ವ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅವಳು ಕೆಟ್ಟವಳಲ್ಲ, ಕಲ್ಯಾಣಮ್ಮ. "ಒಬ್ಬಾಕಿ ಗ್ವಾಡಿ ನೋಡ್ಕೊಂತ ಕುಂತದ್ದು ನೋಡೀನಿ. ಇನ್ನೊಬ್ಬಾಕಿನ್ನ ನೋಡೋ ತಾಕತ್ತು ನನಗಿಲ್ಲ" ಎಂದಳು. ಅಕ್ಕ ಎದ್ದು ಹೋಗಿ ಅವಳ ಪಕ್ಕ ಕೂತಳು. "ನೋಡಾಕ ನಾ ಅದೀನಲ್ಲ. ಹೆಂಗ ನೋಡಬೇಕಂತ ನನಗ ಗೊತ್ತೈತಿ" ಎಂದಳು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನನಗೆ ಅಂಥ ಮಾತು ಬಾಯಿಗೆ ಬಂದಿರಲಿಲ್ಲ ಎಂಬುದು ನೆನಪಾಗಿ ತಲೆ ತಗ್ಗಿತು.

ಈಗ ನನ್ನ ಮಾತು. ನಿಮಗೆ ಶಾಕ್ ಕೊಟ್ಟಿದ್ದಾರೆ ಎಂದು ತಿಳಿದೇ ಇದನ್ನು ಬರೆಯುತ್ತಿದ್ದೇನೆ. ಯಾಕೆ ಕೊಟ್ಟರೆಂದು ನೀವು ಹೇಳುವವರೆಗೆ ನಾನು ಕೇಳುವುದಿಲ್ಲ. ಮದುವೆ ದೀಪಾವಳಿಯ ನಂತರದ ಸೋಮವಾರ ಎಂದು ಅವ್ವ ಒಪ್ಪಿದ್ದಾಳೆ. ಮತ್ತೆ ಬಂದರೆ ಮತ್ತೆ ಧಾರವಾಡಕ್ಕೆ ಹೋಗೋಣ, ದಾರಿ ನಮಗೆ ಗೊತ್ತಿದೆ. ನಮ್ಮ ಮನೆಯ ವಿಷಯ ಮುಚ್ಚಿಟ್ಟಿದ್ದಕ್ಕೆ ನೀವು ಬೇಡವೆನ್ನಬಹುದು. ಆಗ ಜಂಪರ್ ಹಿಂದಕ್ಕೆ ಬರುತ್ತದೆ. ಅಕ್ಕನ ಕೈಯಿಂದ ಅದನ್ನು ಬಿಡಿಸುವುದು ಮಾತ್ರ ಸುಲಭವಲ್ಲ.

ಆದೆಪ್ಪ


ಸಿಂಧನೂರು
5 ಸೆಪ್ಟೆಂಬರ್ 1991

ಆದೆಪ್ಪನವರಿಗೆ,

ಪತ್ರ ಓದುವ ಮೊದಲು ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡಿದೆ. ಓದಿದ ಮೇಲೆ ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಲಿಂಗಸುಗೂರು, ಎರಡನೆಯ ತಾರೀಖು. ನನ್ನ ಪತ್ರಕ್ಕೆ ಸಿಂಧನೂರಿನ ಮುದ್ರೆ ಬಿದ್ದದ್ದೂ ಅಂದೇ. ನನ್ನದು ನಿಮಗೆ ಮುಟ್ಟಿ ನೀವು ಇದನ್ನು ಬರೆದಿರಲು ಸಾಧ್ಯವಿಲ್ಲ.

ಇನ್ನೆಂದೂ ತಿಳಿಯುವುದಿಲ್ಲವೆಂದು ನಾನು ಬರೆದದ್ದು ತಪ್ಪಾಯಿತು. ಮೂರೇ ದಿನಕ್ಕೆ ತಿಳಿಯಿತು.

ನಾನು ಕುಸಿದು ಕೂತದ್ದು ಯೂರಿಯಾ ಚೀಲದ ಮೇಲೆಯೇ. ಅಪ್ಪ ಓಡಿ ಬಂದು, "ಏನಾತವ್ವ, ಮತ್ತ ಶಾಕ್ ಏನು?" ಎಂದರು. "ಹೂಂ ಅಪ್ಪ, ಇದು ಬ್ಯಾರೇ" ಎಂದೆ.

ಜಂಪರ್ ಅಲ್ಲೇ ಇರಲಿ.

ಕಲ್ಯಾಣಮ್ಮ


ಲಿಂಗಸುಗೂರು
8 ಸೆಪ್ಟೆಂಬರ್ 1991

ಕಲ್ಯಾಣಮ್ಮ,

ನಿಮ್ಮ ಎರಡೂ ಪತ್ರಗಳನ್ನು ಇಂದು ಮಸ್ಕಿಯಲ್ಲಿ ಓದಿ ಹೇಳಿದೆ. ಅವ್ವ ಮೊದಲು ನಂಬಲಿಲ್ಲ. "ಭೇದಿ ಏನು? ಬರೇ ಭೇದಿ?" ಎಂದು ಮೂರು ಸಲ ಕೇಳಿದಳು. ಆಮೇಲೆ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ನಗು ಅಳುವಾಯಿತು, ಮತ್ತೆ ನಗುವಾಯಿತು. "ಹೊಟ್ಟಿ ಝಾಡಿಸಿದ್ದಕ್ಕ ಮದುವಿ ಮುರ್ಯಾಕ ಹೊಂಟಿದ್ನೆಲ್ಲೊ" ಎಂದಳು. ಅಕ್ಕ ಮಾತ್ರ ಮಷಿನ್ನಿನಿಂದ ತಲೆ ಎತ್ತದೆ, "ಭೇದಿ ಆಗಲಿ ಬ್ಯಾರೇ ಆಗಲಿ, ಅಳತಿ ಬದಲಾಗಿರತೈತಿ. ನಾ ಹೋಗಿ ನೋಡಿ ಬರಬೇಕು" ಎಂದಳು.

ಧಾರವಾಡದಿಂದ ಬಂದ ಮೇಲೆ ಅಕ್ಕ ಬಸ್ಸು ಹತ್ತಿಲ್ಲ.

ಯಂಕೋಬನಿಗೂ ವಿಷಯ ಹೇಳಿದೆ. ಭೇದಿಯ ಶಾಕಿಗೆ ಅರ್ಥಿಂಗ್ ಎಲ್ಲಿ ಕೊಡುತ್ತಾರೆಂದು ಕೇಳುತ್ತಿದ್ದಾನೆ. ಅವನಿಗೆ ನಾಳೆ ದೂರದ ಕಂಬಗಳ ಕೆಲಸ ಹಚ್ಚಿದ್ದೇನೆ.

ಆದೆಪ್ಪ


ಸಿಂಧನೂರು
17 ಸೆಪ್ಟೆಂಬರ್ 1991

ಆದೆಪ್ಪನವರಿಗೆ,

ನಿಮ್ಮ ಅವ್ವ, ಅಕ್ಕ ನಿನ್ನೆ ಬಂದು ಹೋದರು. ನಿಮಗೆ ಅವರು ಹೇಳಿಯೇ ಇರುತ್ತಾರೆ. ನಾನು ಕಂಡದ್ದು ಬೇರೆಯಿರಬಹುದೆಂದು ಬರೆಯುತ್ತಿದ್ದೇನೆ.

ಬಸ್ಸಿನಿಂದ ಇಳಿದಾಗ ಬಸಲಿಂಗಮ್ಮಕ್ಕ ನಿಮ್ಮ ಅವ್ವ ಅಂಬಮ್ಮನವರ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಮನೆ ಮುಟ್ಟುವ ಹೊತ್ತಿಗೆ ಬಿಟ್ಟಿದ್ದರು.

ಊಟಕ್ಕೆ ಅನ್ನ ಬಡಿಸಿದೆವು. ಅಂಬಮ್ಮನವರು ಉಂಡು, ಕೈ ತೊಳೆಯದೆ, ರೊಟ್ಟಿ ಈಗ ಬರುತ್ತದೆಂದು ಕಾಯುತ್ತಾ ಕೂತರು. ಅವ್ವ ಮತ್ತೆ ಅನ್ನ ತಂದಳು. "ಮುಂಜಾನೇನೂ ಅನ್ನ, ಮಧ್ಯಾಹ್ನನೂ ಅನ್ನ. ಹೆಂಗ ನಿಂದರತೈತ್ರಿ ಹೊಟ್ಟ್ಯಾಗ?" ಎಂದರು. ಅಪ್ಪ, "ಇದು ಅನ್ನದ ಶಾಕ್ ನೋಡ್ರಿ ಬೀಗತೇರ" ಎಂದುಬಿಟ್ಟರು. ನಾನು ಅಂಬಮ್ಮನವರ ಮುಖ ನೋಡಿದೆ. ಆಗ ಬಸಲಿಂಗಮ್ಮಕ್ಕ, "ಹಂಗಾದ್ರ ನಮ್ಮನ್ಯಾಗ ಈಕಿಗಿ ರೊಟ್ಟಿ ಶಾಕ್ ಆಗತೈತಿ ಬಿಡ್ರಿ ಕಾಕಾ" ಎಂದರು. ಮೊದಲು ನಕ್ಕವರು ಅಂಬಮ್ಮನವರು. ರೊಟ್ಟಿ ದುಂಡಗಾಗದ ವಿಷಯವನ್ನು ಆಗಲೇ ನಾನೇ ಹೇಳಿಬಿಟ್ಟೆ. ಅದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು ಎನಿಸಿತು.

ಒಳಗಿನ ಖೋಲಿಯಲ್ಲಿ ನಿಮ್ಮ ಅಕ್ಕ ನನ್ನ ಅಳತೆ ತೆಗೆದುಕೊಂಡರು. ತೋಳಿಗೆ ಟೇಪು ಸುತ್ತಿ, "ಎಷ್ಟು ಇಳದೀಬೇ. ಒಂದಿಂಚು ಒಳಗ ಬಿಟ್ಟು ಹೊಲೀತೀನಿ, ದಪ್ಪ ಆದಂಗ ಬಿಚ್ಚತೀನಿ" ಎಂದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಬೆನ್ನಿನ ಅಳತೆ ಹಿಡಿದಿದ್ದರು. ಆದ್ದರಿಂದ ಕೇಳುವ ಧೈರ್ಯ ಬಂತು. "ಅಕ್ಕ, ಅದು ಹೆಂಗಿತ್ತು?" ಎಂದೆ.

ಟೇಪು ನಿಲ್ಲಲಿಲ್ಲ. "ನನಗೇನೂ ನೆನಪಿಲ್ಲ. ಮಲಗಿಸಿದ್ದು ಗೊತ್ತು, ಎದ್ದದ್ದು ಗೊತ್ತು. ಒಂದಿನ ಎದ್ದಾಗ ಹಸಿವಾತು. ಎಷ್ಟೋ ದಿನದ ಮ್ಯಾಲ ಹಸಿವಾಗಿತ್ತು. ಅವ್ವಗ ಹೇಳಿದೆ. ಅವ್ವ ರೊಟ್ಟಿಗಂಟು ಬಿಚ್ಚಾಕ ಹೋದ್ಲು, ಬರಲಾರದ್ದಕ್ಕ ಹಲ್ಲಿಲೆ ಕಚ್ಚಿ ಬಿಚ್ಚಿದ್ಲು. ಅದೊಂದು ನೆನಪೈತಿ."

ನನಗೂ ಅದೇ ನೆನಪು. ಎರಡು ಬಾಟಲಿ ಸಲಾಯಿನ್ ಇಳಿದ ಮೇಲೆ ಕಣ್ಣು ಬಿಟ್ಟಾಗ ಮೊದಲು ತಿಳಿದದ್ದು ಹಸಿವು. ಅದನ್ನು ಹೇಳಿದೆ. ಅಕ್ಕ ನನ್ನನ್ನು ತಮ್ಮ ಕಡೆಗೆ ತಿರುಗಿಸಿ ನೋಡಿದರು. "ಹಂಗಾದ್ರ ಎರಡೂ ಒಂದ ಬಿಡು" ಎಂದು ಹೇಳಿ ಎದೆಯ ಅಳತೆ ಬರೆದುಕೊಂಡರು.

ಹೊರಡುವಾಗ ಅಂಬಮ್ಮನವರು ಬಾಗಿಲಲ್ಲಿ ನಿಂತು ನನ್ನ ಕೆನ್ನೆ ಮುಟ್ಟಿದರು. ಮೊದಲು ಕೈಯ ಹಿಂಬದಿಯಿಂದ ಸುಮ್ಮನೆ ಸೋಕಿಸಿದರು, ಜ್ವರ ನೋಡುವವರ ಹಾಗೆ. ನನಗೆ ಯಂಕೋಬನ ತಂತಿ ನೆನಪಾಗಿ ಅಲುಗದೆ ನಿಂತೆ. ಅವರ ಕೈ ಹಾರಲಿಲ್ಲ. ಮೆಲ್ಲಗೆ ತಿರುಗಿ, ಇಡೀ ಅಂಗೈ ಕೆನ್ನೆಯ ಮೇಲೆ ಕೂತಿತು. ಬಸ್ಸಿನ ಹೊತ್ತಾಯಿತೆಂದು ಅಪ್ಪ ಎರಡು ಸಲ ಹೇಳಬೇಕಾಯಿತು.

ಕಲ್ಯಾಣಮ್ಮ